ಬಿರುಕು ಯಾರದು?

ಮಾವಿನ ಮರ ಕಾಯಿ ಬಿಡುತ್ತದೆ, ಮಲ್ಲಿಗೆ ಬಳ್ಳಿ ಮೊಗ್ಗು ಬಿಡುತ್ತದೆ, ಗೋಡೆ ಬಿರುಕು ಬಿಡುತ್ತದೆ. ಮೂರಕ್ಕೂ ನಮ್ಮ ಹಿರಿಯರು ಒಂದೇ ಕ್ರಿಯಾಪದ ಇಟ್ಟುಬಿಟ್ಟಿದ್ದಾರೆ. ಕಾಲ ಕೂಡಿ ಬಂದರೆ ಗೋಡೆಯೂ ಫಸಲು ಕೊಡುತ್ತದೆ ಎಂಬ ನಂಬಿಕೆ ಅವರಿಗಿತ್ತೋ ಏನೋ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಈ ಪ್ರಯೋಗದ ಸೊಗಸು ತಿಳಿದದ್ದು ನಿವೃತ್ತನಾದ ಮೇಲೆ, ಗ್ರಾಚ್ಯುಟಿ ಹಣದಲ್ಲಿ ಕಟ್ಟಿಸಿದ ಕೋಣೆ ಮೊದಲ ಬೆಳೆ ಬಿಟ್ಟಾಗ.

ಕೆರೆಬಿಳಚಿಯ ನಮ್ಮ ಮನೆ ಅಜ್ಜನ ಕಾಲದ್ದು. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು. ಬೇಸಿಗೆಯಲ್ಲೂ ಒಳಗೆ ತಂಪು, ಫ್ಯಾನು ಬೇಕೆನಿಸುವುದಿಲ್ಲ. ಬೇಕೆನಿಸಿದರೂ ಹಾಕುವಂತಿಲ್ಲ, ತೊಲೆ ಅಷ್ಟು ತಗ್ಗಿನಲ್ಲಿದೆ. ಹಬ್ಬಕ್ಕೆ ಬರುವ ಮಕ್ಕಳು ಮೊಮ್ಮಕ್ಕಳಿಗೆ ಬಾತ್‌ರೂಮ್ ಕೂಡಿದ ಒಂದು ಕೋಣೆ ಇರಲಿ ಎಂದು ಹಳೇ ಗೋಡೆಗೆ ಅಂಟಿಸಿಯೇ ಪಿಲ್ಲರ್ ಎಬ್ಬಿಸಿ, ಇಟ್ಟಿಗೆ ಕಟ್ಟಿಸಿ, ಆರ್‌ಸಿಸಿ ಹಾಕಿಸಿದೆ. ಹೀಗಾಗಿ ಒಂದು ಕಂಬದ ಎಡಕ್ಕೆ ಅಜ್ಜನ ಮಣ್ಣು, ಬಲಕ್ಕೆ ನನ್ನ ಇಟ್ಟಿಗೆ. ಮೇಲೆ ಉದ್ದಕ್ಕೂ ಒಂದೇ ಪ್ಲಾಸ್ಟರ್, ಒಂದೇ ಬಣ್ಣ. ಗೃಹಪ್ರವೇಶದ ದಿನ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ಒಬ್ಬರಿಗೂ ತಿಳಿಯಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಕಂಬದ ಎರಡೂ ಪಕ್ಕದಲ್ಲಿ, ನೆಲದಿಂದ ಸೂರಿನತನಕ, ದಾರ ಹಿಡಿದು ಗೀಚಿದಂತೆ ಎರಡು ಗೆರೆ.

ಮೇಸ್ತ್ರಿಗೆ ಹೇಳಿ ಕಳಿಸಿದೆ. ನಾನು ಮೇಷ್ಟ್ರು, ಅವನು ಮೇಸ್ತ್ರಿ. ಎರಡು ಪದವೂ ಒಂದೇ ಲ್ಯಾಟಿನ್ ಅಜ್ಜನ ಮೊಮ್ಮಕ್ಕಳು. ‘ಮೇಸ್ತ್ರಿ’ ಪೋರ್ಚುಗೀಸರ ಹಡಗು ಹತ್ತಿ ಬಂತು, ಇನ್ನೊಂದು ಇಂಗ್ಲಿಷರ ಶಾಲೆಯ ಬಾಗಿಲಲ್ಲಿ ನುಗ್ಗಿತು. ಊರಿನಲ್ಲಿ ಮೊದಲನೆಯದಕ್ಕೇ ಬೆಲೆ ಹೆಚ್ಚು. ಅವನು ನನ್ನ ಶಿಷ್ಯನೂ ಹೌದು, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವೊಂದರಲ್ಲಿ ಪಾಸಾದವನು. ಬಂದವನೇ ಕರಣೆಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತ ಹೋದ. ಟಣ್ ಟಣ್ ಎಂದಲ್ಲಿ ತಲೆಯಾಡಿಸಿದ. ಗೆರೆಯ ಹತ್ತಿರ ಬಂದಾಗ ದನಿ ಡಬ ಡಬ ಆಯಿತು.

“ಕಂಬ ಗಟ್ಟಿ ಐತೆ ಮೇಷ್ಟ್ರೇ. ಗೋಡೇನೂ ಗಟ್ಟಿ ಐತೆ. ಬಿರುಕು ಇರೋದು ಎಲ್ಡರ ಮಧ್ಯೆ. ಅದಕ್ಕೆ ನಾನೇನ್ ಮಾಡ್ಲಿ ಹೇಳ್ರಿ?”

ಇಂಥ ನಿರ್ದೋಷ ಬಿಡುಗಡೆ ಕೋರ್ಟಿನಲ್ಲೂ ಸಿಗುವುದಿಲ್ಲ. ಕಂಬ ಒಡೆದಿಲ್ಲ, ಗೋಡೆ ಒಡೆದಿಲ್ಲ, ಆದರೆ ಮನೆ ಒಡೆದಿದೆ. ಹೊಲದ ಬದುವಿನ ಜಗಳ ನೋಡಿದವರಿಗೆ ಇದು ಹೊಸತಲ್ಲ. ಬದುವಿನ ಬೇವಿನ ಮರ ಇವನದೂ ಅಲ್ಲ, ಅವನದೂ ಅಲ್ಲ. ಕಡಿಯುವ ದಿನ ಮಾತ್ರ ಇಬ್ಬರದೂ.

ಅವತ್ತು ಅವನು ಮೊದಲ ಸಲ ಸಿಮೆಂಟು ಮೆತ್ತಿದ. ಮುಂದಿನ ಬೇಸಿಗೆಗೆ ಎರಡನೇ ಸಲ, ಡಬ್ಬಿಯಲ್ಲಿ ಬರುವ ಅದೇನೋ ಬಿಳಿ ಹಾಲಿನಂಥದ್ದನ್ನು ಕಲಸಿ. ಬಿರುಕು ಒಂದು ಬೆರಳು ಆಚೆ ಸರಿದು ಮೆತ್ತಿದ್ದರ ಅಂಚಿನಲ್ಲಿ ಹಾಯಾಗಿ ಕೂತಿತು. ಮೂರನೇ ಸಲ ಅವನೇ ಬೇಸತ್ತು ನಿಜ ನುಡಿದ: “ಪ್ಲಾಸ್ಟರ್ ಮಾಡೋವಾಗ್ಲೇ ಚಿಕನ್ ಮೆಶ್ ಹೊಡೀಬೇಕಿತ್ತು. ನೀವೇ ಖರ್ಚು ಕಡಿಮೆ ಮಾಡು ಅಂದ್ರಿ.” ಒಳಗೆ ಪಡಸಾಲೆಯಲ್ಲಿ ಕೂತಿದ್ದ ಅವ್ವನ ಕಿವಿಗೆ ‘ಚಿಕನ್’ ಎಂಬ ಪದ ಮಾತ್ರ ಬಿತ್ತು. ಲಿಂಗಪೂಜೆಯ ಮನೆಯ ಗೋಡೆಗೆ ಕೋಳಿ ಯಾಕೆ ಹೊಡೆಯಬೇಕು ಎಂಬ ಆಕೆಯ ಪ್ರಶ್ನೆಗೆ, ಅದು ಕೋಳಿಗೂಡಿಗೆ ಹಾಕುವ ತಂತಿ ಬಲೆ, ಇಟ್ಟಿಗೆಗೂ ಕಂಬಕ್ಕೂ ಅಡ್ಡಲಾಗಿ ಮೊಳೆ ಹೊಡೆದು ಮೇಲೆ ಗಾರೆ ಮಾಡುತ್ತಾರೆ ಎಂದು ವಿವರಿಸುವಷ್ಟರಲ್ಲಿ ಸಂಜೆಯಾಯಿತು.

ಆ ದೀಪಾವಳಿಗೆ ಅಣ್ಣನ ಮಗ ಬಂದ. ಬೆಂಗಳೂರಿನಲ್ಲಿ ಎಂ.ಟೆಕ್. ಓದಿದವನು. ಬ್ಯಾಗು ಇಳಿಸುವ ಮುಂಚೆಯೇ ಗೋಡೆ ನೋಡಿ ಅವನ ಮುಖ ಅರಳಿತು. “ಚಿಕ್ಕಪ್ಪ, ಇದು ಪಕ್ಕಾ ಬೈಮೆಟೀರಿಯಲ್ ಇಂಟರ್‌ಫೇಸ್ ಕ್ರ್ಯಾಕ್!” ಕಾಯಿಲೆಯ ಹೆಸರೆಂದು ತಿಳಿದ ಅವ್ವ, “ಪಥ್ಯ ಏನಪ್ಪಾ ಅದಕ್ಕೆ?” ಎಂದಳು.

ಊಟವಾದ ಮೇಲೆ ಅವನು ಬಿಡಿಸಿ ಹೇಳಿದ. ನನಗೆ ದಕ್ಕಿದಷ್ಟನ್ನು ಇಲ್ಲಿ ಹೇಳುತ್ತೇನೆ. ಒಂದೇ ವಸ್ತು ಒಡೆಯುವುದನ್ನು ಜಮಾಖರ್ಚಿಗೆ ತಂದವನು ಎ. ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್. 1921ರಲ್ಲಿ ಅಚ್ಚಾದ ಅವನ ಲೇಖನ ಗಾಜಿನ ಮೇಲಿನ ಪ್ರಯೋಗಗಳದ್ದು. ಬಿರುಕು ಒಂದು ನೂಲು ಮುಂದೆ ಹೋಗಬೇಕಾದರೆ ಎರಡು ಹೊಸ ಮೈ ಹುಟ್ಟಬೇಕು, ಅದು ಖರ್ಚು. ಎಳೆದು ಹಿಡಿದಿದ್ದ ವಸ್ತು ಅಷ್ಟು ಸಡಿಲಾಗಿ ಶಕ್ತಿ ಬಿಟ್ಟುಕೊಡುತ್ತದೆ, ಅದು ಜಮಾ. ಜಮಾ ಖರ್ಚನ್ನು ಮೀರಿದರೆ ಬಿರುಕು ಓಡುತ್ತದೆ. ಅಡಿಕೆ ಮಂಡಿಯ ಗುಮಾಸ್ತನಿಗೂ ತಿಳಿಯುವ ಲೆಕ್ಕ.

ಗಂಟಲಿಗೆ ಸಿಕ್ಕಿಕೊಳ್ಳುವುದು ಎರಡು ಬೇರೆ ವಸ್ತು ಅಂಟಿಕೊಂಡಲ್ಲಿ. ನೇರವಾಗಿ ಎಳೆದರೂ ಒಂದು ಹೆಚ್ಚು ಸೊರಗುತ್ತದೆ, ಇನ್ನೊಂದು ಕಡಿಮೆ. ಆದ್ದರಿಂದ ಬಾಯಿ ತೆರೆಯುವ ಬಿರುಕು ಜೊತೆಜೊತೆಗೇ ಪಕ್ಕಕ್ಕೂ ಜಾರುತ್ತದೆ. ಖರ್ಚಿನ ಬಾಬೂ ಕೈಗೆ ಸಿಗುವುದಿಲ್ಲ: ಎಳೆದಾಗ ಸಲೀಸಾಗಿ ಬಿಡುವ ಬೆಸುಗೆ, ಜಾರಿಸಿದಾಗ ಹಠ ಹಿಡಿಯುವುದುಂಟು. 1959ರಲ್ಲಿ ಎಂ. ಎಲ್. ವಿಲಿಯಮ್ಸ್ ಎಂಬ ಅಮೆರಿಕದ ವಿದ್ವಾಂಸ ಈ ಗೆರೆಯ ತುದಿಯ ಲೆಕ್ಕ ಮಾಡಿದ. ಅದನ್ನು ಪ್ರಕಟಿಸಿದ್ದು ಭೂಕಂಪದ ಪಂಡಿತರ ಪತ್ರಿಕೆ. ಭೂಮಿಯೊಳಗೆ ಎರಡು ಜಾತಿಯ ಬಂಡೆಗಳ ನಡುವೆ ಸೀಳು ಬಿದ್ದರೆ ಅದೂ ನಮ್ಮ ಗೋಡೆಯ ಕಥೆಯೇ ತಾನೆ. ಲೆಕ್ಕದ ಉತ್ತರ ವಿಚಿತ್ರವಾಗಿ ಬಂತು. ತುದಿಯ ಹತ್ತಿರ ಹತ್ತಿರ ಹೋದಂತೆ ಒತ್ತಡ ಒಮ್ಮೆ ಎಳೆತ, ಒಮ್ಮೆ ತಳ್ಳು, ಮತ್ತೆ ಎಳೆತ, ಮತ್ತೆ ತಳ್ಳು, ಹೀಗೆ ಬರಬರುತ್ತ ಬೇಗ ಬೇಗ ತೂಗಾಡುತ್ತದೆ. ಬಿರುಕಿನ ಎರಡು ಮೈಗಳೂ ಸುಕ್ಕುಸುಕ್ಕಾಗಿ ಒಂದರೊಳಗೊಂದು ಹೊಕ್ಕುಬಿಡಬೇಕು ಅನ್ನುವಲ್ಲಿಗೆ ಹೋಗುತ್ತದೆ ಲೆಕ್ಕ. ಕಲ್ಲಿನೊಳಗೆ ಕಲ್ಲು ಹೊಗುವುದು ಪವಾಡ ಪುರುಷರ ಚರಿತ್ರೆಯಲ್ಲಿ ಮಾತ್ರ.

ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ, “ಫಾಲ್ ನೆನೆಸದೇ ಹೊಲಿದಿದ್ರು ಅನ್ನು” ಎಂದಳು.

ಹುಡುಗ ಬಾಯಿ ತೆರೆದವನು ಹಾಗೇ ಉಳಿದ. ಸೀರೆ ಉಡುವ ಎಲ್ಲರಿಗೂ ಇದು ಗೊತ್ತು. ಸೀರೆಯ ಅಂಚಿಗೆ ಹೊಲಿಯುವ ಫಾಲ್, ರವಿಕೆಯ ಒಳಗಿನ ಲೈನಿಂಗು, ಇವನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಹೊಲಿಯಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗುವುದಿಲ್ಲ, ಹೊಲಿಗೆಯ ಉದ್ದಕ್ಕೂ ಸುಕ್ಕು. ವಿಲಿಯಮ್ಸನ ಸುಕ್ಕು ಇದೇ ಎಂದು ನಾನು ವಾದಿಸುವುದಿಲ್ಲ. ಆದರೆ ಬಟ್ಟೆಯ ಎರಡು ತುಂಡುಗಳಲ್ಲಿ ಯಾವುದು ಕೆಟ್ಟದ್ದು ಎಂದು ಆಕೆ ಯಾವತ್ತೂ ಕೇಳಿಲ್ಲ. ಹೊಲಿಯುವ ಮುಂಚೆ ಇಬ್ಬರ ಅಳತೆಯನ್ನೂ ಒಂದು ಮಾಡಿಕೊಂಡಿದ್ದೀರಾ ಎಂದಷ್ಟೇ ಕೇಳುತ್ತಾಳೆ.

ಈ ಸುಕ್ಕನ್ನು ಬಿಡಿಸಲು ಪಂಡಿತರಿಗೆ ಎಷ್ಟೋ ವರ್ಷ ಹಿಡಿಯಿತು. 1977ರಲ್ಲಿ ಮಾರಿಯಾ ಕಾಮ್ನಿನೂ ಎಂಬಾಕೆ, ಮೈಗಳು ಒಳಹೊಗುವುದಿಲ್ಲ, ತುದಿಯಲ್ಲಿ ಒಂದಿಷ್ಟು ಜಾಗ ಒಂದಕ್ಕೊಂದು ಒತ್ತಿಕೊಂಡು ಮುಚ್ಚಿರುತ್ತವೆ ಎಂದು ಇಟ್ಟುಕೊಂಡು ಲೆಕ್ಕವನ್ನು ಸರಿದಾರಿಗೆ ತಂದಳು. ಹಾಗೆ ಮುಚ್ಚಿರುವ ಜಾಗ ಬಹಳ ಸಲ ಅಣುವಿಗಿಂತ ಚಿಕ್ಕದು. 1988ರಲ್ಲಿ ಜೇಮ್ಸ್ ರೈಸ್, ಅಷ್ಟು ಚಿಕ್ಕ ಜಾಗದ ತಪ್ಪನ್ನು ಗಣಿಸದೆ ಹಳೆಯ ಲೆಕ್ಕವನ್ನೇ ಧೈರ್ಯವಾಗಿ ಬಳಸಬಹುದು ಎಂದು ತೋರಿಸಿದ. ಮನೆಯ ಜಗಳಗಳಲ್ಲಿ ಇಂಥ ತೀರ್ಪು ಕೊಡುವ ಹಿರಿಯರು ಹಿಂದೆ ಊರಿಗೊಬ್ಬರಿದ್ದರು. ಇನ್ನು ಡುಂಡರ್ಸ್ ಎಂಬಾತ, ಜೋಡಿಯ ಎರಡು ವಸ್ತುಗಳಿಗೂ ಸೇರಿ ನಾಲ್ಕು ಗುಣಾಂಕ ಬೇಕಿಲ್ಲ, ಎರಡು ಸಂಖ್ಯೆ ಸಾಕು ಎಂದುಬಿಟ್ಟ. ಜಾತಕದಲ್ಲಿ ಮೂವತ್ತಾರು ಗುಣ ನೋಡುವ ನಮ್ಮವರಿಗೆ ಇದು ತೀರಾ ಸಡಿಲ ಅನಿಸಬಹುದು. ಇಲ್ಲಿಂದ ದಾಂಪತ್ಯದ ಉಪಮೆಗೆ ಹೊರಳುತ್ತೇನೆಂದು ಯಾರಾದರೂ ಕಾಯುತ್ತಿದ್ದರೆ ಕ್ಷಮಿಸಬೇಕು. ನನ್ನಾಕೆ ನಾನು ಬರೆದದ್ದನ್ನೆಲ್ಲ ಓದುತ್ತಾಳೆ.

ಗೋಡೆಯ ಲೆಕ್ಕವನ್ನೂ ಹುಡುಗ ಹಾಲಿನ ಚೀಟಿಯ ಹಿಂದೆ ಮಾಡಿ ತೋರಿಸಿದ. ಮೂರು ಮೀಟರ್ ಉದ್ದದ ಕಾಂಕ್ರೀಟಿನ ತೊಲೆ 20 ಡಿಗ್ರಿ ಬಿಸಿಯಾದರೆ ಸುಮಾರು 0.6 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಕೆಳಗಿನ ಸುಟ್ಟ ಇಟ್ಟಿಗೆಯ ಗೋಡೆ ಅದರ ಅರ್ಧದಷ್ಟು. ವ್ಯತ್ಯಾಸ 0.3, ಅಂದರೆ ನೋಟ್‌ಬುಕ್ಕಿನ ಮೂರು ಹಾಳೆಯ ದಪ್ಪ. ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಕಾಂಕ್ರೀಟು ಹುಟ್ಟಿದ ದಿನದಿಂದ ನೀರಾರಿ ಕುಗ್ಗುತ್ತ ಹೋಗುತ್ತದೆ. ಭಟ್ಟಿಯಿಂದ ಬಂದ ಇಟ್ಟಿಗೆ ಗಾಳಿಯ ತೇವ ಹೀರಿ ವರ್ಷಗಟ್ಟಲೆ ಅಷ್ಟಷ್ಟೇ ಹಿಗ್ಗುತ್ತದೆ. ಅಜ್ಜನ ಮಣ್ಣಿನ ಗೋಡೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೊರಗುತ್ತದೆ. ಮೂವರನ್ನೂ ಒಂದೇ ಪ್ಲಾಸ್ಟರಿನ ಅಂಗಿಯಲ್ಲಿ ತುರುಕಿ ಗುಂಡಿ ಹಾಕಿದವನು ನಾನು.

“ಮತ್ತೆ ಕಂಬದೊಳಗಿನ ಕಬ್ಬಿಣ?” ಎಂದೆ. ಅದೊಂದು ಅದೃಷ್ಟ ಎಂದ. ಕಬ್ಬಿಣವೂ ಕಾಂಕ್ರೀಟೂ ಬಿಸಿಗೆ ಹಿಗ್ಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇಲ್ಲದಿದ್ದರೆ ಆರ್‌ಸಿಸಿ ಎಂಬುದೇ ಇರುತ್ತಿರಲಿಲ್ಲ. ತಂತಿಬಲೆಯ ಮೇಲೆ ಸಿಮೆಂಟು ಬಳಿದು ಹೂಕುಂಡ ಮಾಡಿ 1867ರಲ್ಲಿ ಪೇಟೆಂಟ್ ತೆಗೆದ ಫ್ರಾನ್ಸಿನ ಜೋಸೆಫ್ ಮೋನಿಯೆ ಎಂಜಿನಿಯರ್ ಅಲ್ಲ, ತೋಟಗಾರ. ನಮ್ಮ ಚನ್ನಗಿರಿ ಸೀಮೆಯ ಅಡಿಕೆ ತೋಟದವರು ಈ ವಿಷಯವನ್ನು ಎಂಜಿನಿಯರುಗಳ ಎದುರು ಬಳಸಿಕೊಳ್ಳಬಹುದು.

ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು ಹಳೆಯ ಉಪಾಯವಂತೆ. ಗೋಡೆ ಅಲುಗಿದರೆ ಗಾಜು ಒಡೆದು ಚಾಡಿ ಹೇಳುತ್ತದೆ. ಒಡೆದ ಫೋಟೋ ಕಟ್ಟಿನ ಗಾಜು ಕತ್ತರಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಡೂ ತುದಿ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಕು ಬರೆದ. ಎಂಟನೇ ದಿನ ನೋಡಿದರೆ ಗಾಜು ಗಟ್ಟಿಯಾಗಿತ್ತು, ಒಂದು ತುದಿ ಮಾತ್ರ ಅಂಟಿನಿಂದ ಬಿಟ್ಟು ಗಾಳಿಯಲ್ಲಿತ್ತು. ಗಾಜಿಗೂ ಅಂಟಿಗೂ ನಡುವೆ ಇನ್ನೊಂದು ಬಿರುಕು. ಹುಡುಗ ಅದನ್ನೂ ಫೋಟೋ ತೆಗೆದುಕೊಂಡ. ಮನೆಯ ಬಿರುಕು ಎರಡಿದ್ದದ್ದು ಮೂರಾಯಿತು.

ಮನಸ್ಸು ಹಗುರಾಗಲೆಂದು ಅವನನ್ನು ಸೂಳೆಕೆರೆ ಏರಿಗೆ ಕರೆದುಕೊಂಡು ಹೋದೆ. ಸರ್ಕಾರದ ಕಡತದಲ್ಲಿ ಅದು ಶಾಂತಿಸಾಗರ. ನಮ್ಮ ಬಾಯಲ್ಲಿ ಸೂಳೆಕೆರೆಯೇ. ಕಟ್ಟಿಸಿದವಳು ಶಾಂತವ್ವೆ ಎಂಬುದು ಇಲ್ಲಿಯ ಐತಿಹ್ಯ. ಹರಿದ್ರಾ ಹೊಳೆ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವಲ್ಲಿ ಅಡ್ಡಲಾಗಿ ಏರಿ ಹಾಕಿದ್ದಾರೆ. ಏರಿ ಗಿಡ್ಡ, ಕೆರೆ ಕಣ್ಣು ಹಾಯುವಷ್ಟು ದೂರ. ಎರಡು ತೂಬುಗಳಿಗೆ ಮನುಷ್ಯರಂತೆ ಹೆಸರಿವೆ, ಸಿದ್ದ ಮತ್ತು ಬಸವ. ಚಿತ್ರದುರ್ಗದವರು ನಲ್ಲಿ ತಿರುಗಿಸಿದರೆ ಬರುವುದು ಈ ಕೆರೆಯ ನೀರೂ ಹೌದು.

ಗಾಳಿ ಕುಡಿಯಲೆಂದು ಕರೆತಂದವನು ಗುಡ್ಡಕ್ಕೆ ಏರಿ ಸೇರುವ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. “ಚಿಕ್ಕಪ್ಪ, ಇದೂ ಅದೇ.” ಒಂದು ಕಡೆ ಮಣ್ಣು, ಇನ್ನೊಂದು ಕಡೆ ಬಂಡೆ. ಮಣ್ಣು ಕಾಲಕ್ರಮದಲ್ಲಿ ಕೂರುತ್ತದೆ, ಬಂಡೆ ಕೂರುವುದಿಲ್ಲ. ಮಣ್ಣಿನ ಅಣೆಕಟ್ಟಿನಲ್ಲಿ ನೀರು ದಾರಿ ಹುಡುಕುವುದು ಬಹಳ ಸಲ ಈ ಸಂದಿಯಲ್ಲಿ, ಇಲ್ಲವೇ ಮಣ್ಣಿನೊಳಗೆ ಹಾಯುವ ತೂಬಿನ ಕಲ್ಲಿನ ಮೈಗುಂಟ. ಅದಕ್ಕೇ ಈಗಿನವರು ಬಂಡೆಗೆ ತಾಗುವಲ್ಲಿ ಉಳಿದ ಮಣ್ಣಿಗಿಂತ ಹೆಚ್ಚು ಹಸಿಯಾದ, ಮೆತ್ತನೆಯ ಜೇಡಿಯನ್ನು ತುಳಿದು ತುಂಬುತ್ತಾರಂತೆ. ಗಟ್ಟಿ ಇರಬೇಕಾದ ಜಾಗದಲ್ಲಿ ಬೇಕೆಂದೇ ಮೆತ್ತಗಿನದು. ಅದು ಏರಿ ಕೂತ ಹಾಗೆ ತಾನೂ ಬಾಗಿ, ಬಂಡೆಯ ಮೈ ಬಿಡುವುದಿಲ್ಲ. ಶಾಂತವ್ವೆಯ ಒಡ್ಡರು ಅಲ್ಲಿ ಏನು ತುಳಿದರೋ. ಶತಮಾನಗಳಿಂದ ನೀರು ನಿಂತಿದೆ.

ನನಗೆ ಆ ದಂಡೆಯಲ್ಲಿ ನೆನಪಾದದ್ದು ಗಾಡಿಯ ಚಕ್ರ. ಬೇಸಿಗೆ ಏರಿದಂತೆ ಚಕ್ರದ ಮರ ಒಣಗಿ ಸೊರಗುತ್ತಿತ್ತು, ಸುತ್ತಲಿನ ಕಬ್ಬಿಣದ ಹಳಿ ಬಿಸಿಲಿಗೆ ಹಿಗ್ಗುತ್ತಿತ್ತು. ನಡೆಯುವಾಗ ಗಡಗಡ ಬದಲು ಕಟಕಟ ಕೇಳಿದರೆ ಅಪ್ಪ ಎತ್ತು ಬಿಚ್ಚಿ, ಗಾಡಿಯನ್ನು ನೀರಿಗಿಳಿಸಿ ರಾತ್ರಿಯಿಡೀ ಬಿಡುತ್ತಿದ್ದ. ಬೆಳಿಗ್ಗೆಗೆ ಮರ ಉಬ್ಬಿ ಹಳಿ ಬಿಗಿ. ಹೊಸ ಹಳಿ ಹಾಕುವ ದಿನವಂತೂ ನಮಗೆ ಜಾತ್ರೆ. ಚಕ್ರಕ್ಕಿಂತ ಒಂದು ಕೂದಲು ಚಿಕ್ಕದಾಗಿ ಬಡಿದ ಹಳಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ಹೊದಿಸುತ್ತಿದ್ದರು. ಮರ ಹೊಗೆಯಾಡುವಷ್ಟರಲ್ಲಿ ಕೊಡಗಟ್ಟಲೆ ನೀರು. ಚೊಂಯ್ ಎಂದು ಕಬ್ಬಿಣ ಕುಗ್ಗಿ, ಸಡಿಲಿದ್ದ ಕೂಡಿಕೆಗಳೆಲ್ಲ ಕಿರ್ರೆನ್ನುತ್ತ ಕಚ್ಚಿಕೊಳ್ಳುತ್ತಿದ್ದವು. ಒಂದು ತೊಟ್ಟು ಅಂಟಿಲ್ಲ. ಕಬ್ಬಿಣ ಮರದ ಹಾಗೆ ಇರದೇ ಇದ್ದದ್ದರಿಂದಲೇ ನಿಂತ ಚಕ್ರ ಅದು. ಕಮ್ಮಾರನಿಗೆ ಭೇದವೇ ಬಂಡವಾಳ.

ಮನೆಗೆ ಬಂದು ಇದನ್ನು ಹೇಳಿದರೆ ಅವ್ವ ಅಟ್ಟ ತೋರಿಸಿದಳು. ಅಟ್ಟದ ಮೇಲೆ ಸಿಪ್ಪೆಸಮೇತ ತೆಂಗಿನಕಾಯಿ ತಿಂಗಳುಗಟ್ಟಲೆ ಮಲಗಿರುತ್ತವೆ. ಒಳಗೆ ನೀರಾರಿ, ತಿರುಳು ಒಣಗಿ ಕುಗ್ಗಿ, ಚಿಪ್ಪಿನಿಂದ ಸುತ್ತಲೂ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಇದಕ್ಕಿಂತ ಚೆಂದದ ಇಂಟರ್‌ಫೇಸ್ ಕ್ರ್ಯಾಕ್ ಲೋಕದಲ್ಲಿಲ್ಲ. ತಿಪಟೂರು ಸೀಮೆಯ ಒಂದು ಮಾರುಕಟ್ಟೆಯೇ ಇದರ ಮೇಲೆ ನಿಂತಿದೆ. ಆತುರಪಟ್ಟು ಒಡೆದರೆ ತಿರುಳು ಚಿಪ್ಪಿಗೇ ಕಚ್ಚಿಕೊಂಡು ಚೂರುಚೂರು. ಅವ್ವ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಗುಡುಗುಡು ಎಂದರೆ ಕೆಳಗೆ, ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ. ಕಣ್ಣು ಮಂಜಾಗಿದೆ, ಈ ಪರೀಕ್ಷೆಯಲ್ಲಿ ತಪ್ಪಿಲ್ಲ.

ಹುಡುಗನಿಗೆ ಇದು ಹಿಡಿಸಿತು. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳನ್ನೂ ಹೀಗೇ ಕುಟ್ಟಿ ಕೇಳುತ್ತಾರಂತೆ. ವಿಲಿಯಮ್ಸನ ಲೇಖನ ಬಂದ 1959ರಲ್ಲೇ ಹುಟ್ಟಿದ, ವಿಮಾನ ಸಂಶೋಧನೆಯ ಎನ್‌ಎಎಲ್ ಸಂಸ್ಥೆ ತೇಜಸ್ ಯುದ್ಧವಿಮಾನದ ಬಾಲದ ನೆಟ್ಟನೆಯ ರೆಕ್ಕೆಯನ್ನು ಇಂಗಾಲದ ಎಳೆಗಳ ಪದರ ಅಂಟಿಸಿ, ಬೇಯಿಸಿ ಮಾಡಿತು. ಮೊಳೆ, ರಿವೆಟ್ಟುಗಳ ಬದಲು ಬೆಸುಗೆಯನ್ನೇ ನಂಬಿದ ಮೇಲೆ ಪದರ ಪದರದ ನಡುವಿನ ಬಿರುಕಿನ ಚಿಂತೆ ತಪ್ಪಿದ್ದಲ್ಲ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ದತ್ತಗುರು ಅವರಂಥವರು ಬಿರುಕಿನ ಲೆಕ್ಕದಲ್ಲೇ ದಶಕಗಳನ್ನು ಕಳೆದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಿವಿಗೆ ಕೇಳದ ಶಬ್ದದ ಅಲೆ ಹಾಯಿಸಿ ಒಳಗಿನ ಟೊಳ್ಳು ಹುಡುಕುವ ಯಂತ್ರಗಳು ಈಗಿವೆ. ಆದರೂ ಲೋಕದ ಎಷ್ಟೋ ವಿಮಾನದ ಶೆಡ್ಡುಗಳಲ್ಲಿ ನಾಣ್ಯದಿಂದ ಕುಟ್ಟಿ ಕೇಳುವ ಪರೀಕ್ಷೆ ಇನ್ನೂ ಹೋಗಿಲ್ಲ. ಅಂಟಿದಲ್ಲಿ ಟಣ್, ಬಿಟ್ಟಲ್ಲಿ ಡಬ್. ನಮ್ಮ ಮೇಸ್ತ್ರಿಗೆ ಇದನ್ನು ತಿಳಿಸಬಾರದೆಂದು ಮೊದಲು ಅಂದುಕೊಂಡೆ, ಕೂಲಿ ಏರಿಸಿಯಾನು. ಆಮೇಲೆ ನಾನೇ ಹೇಳಿಬಿಟ್ಟೆ.

ಅವನು ಏರಿಸಿದ. ಕೆಲಸವನ್ನೂ ಈ ಸಲ ಬೇರೆ ಥರ ಮಾಡಿದ. ಮಣ್ಣಿನ ಗೋಡೆಯ ಮೇಲೆ ಬಳಿದಿದ್ದ ಸಿಮೆಂಟನ್ನು ಕರಣೆ ತುದಿಯಿಂದ ಮೀಟಿದರೆ ಹಪ್ಪಳದಂತೆ ಎದ್ದು ಬಂತು. ಅದು ಅಂಟಿಯೇ ಇರಲಿಲ್ಲ, ನಾಚಿಕೆಗೆ ನಿಂತಿತ್ತು. ಅಲ್ಲಿ ಸುಣ್ಣದ ಗಾರೆ ಮಾಡಿದ. ಸುಣ್ಣ ಸಿಮೆಂಟಿಗಿಂತ ಮೆದು, ಮಣ್ಣು ಅಲುಗಿದರೆ ತಾನೂ ಅಲುಗುತ್ತದೆ. ಕೂದಲೆಳೆಯ ಬಿರುಕು ಬಿದ್ದರೆ ಮಳೆಯ ತೇವಕ್ಕೆ ಅದರದೇ ಸುಣ್ಣ ಕರಗಿ ಹರಿದು, ಒಣಗಿ, ಮುಚ್ಚಿಕೊಳ್ಳುವುದೂ ಉಂಟು. ಸಂತೇಬೆನ್ನೂರಿನ ಪುಷ್ಕರಣಿಯ ಮಂಟಪದ ಗಾರೆಯನ್ನು ನೋಡಿ ಬಾ ಎಂದು ಅವ್ವ ಅವನಿಗೆ ಮೊದಲಿಂದಲೂ ಹೇಳುತ್ತಿದ್ದಳು. ಹೋಗಿ ಬಂದನೋ ಇಲ್ಲವೋ, ಹೋಗಿ ಬಂದೆ ಎಂದು ಬೈಕಿನ ಪೆಟ್ರೋಲಿನ ಹಣ ಮಾತ್ರ ತೆಗೆದುಕೊಂಡ.

ಕಂಬಕ್ಕೂ ಇಟ್ಟಿಗೆಗೂ ನಡುವಿನ ಗೆರೆಯನ್ನು ಮುಚ್ಚಲಿಲ್ಲ. ಗಜಕಡ್ಡಿ ಹಿಡಿದು, ಬಿರುಕನ್ನೇ ಇನ್ನಷ್ಟು ಅಗಲವಾಗಿ, ನೆಟ್ಟಗೆ ಕೊಯ್ದ. ಒಳಗೆ ಮೆತ್ತನೆಯದೇನೋ ತುಂಬಿ, ಮೇಲೆ ತೇಗದ ಪಟ್ಟಿ ಇಟ್ಟು ಕಂಬದ ಕಡೆಗೆ ಮಾತ್ರ ಸ್ಕ್ರೂ ಹಾಕಿದ. ಇನ್ನೊಂದು ಕಡೆಗೂ ಹಾಕೋ ಎಂದೆ.

“ಹಾಕಿದ್ರೆ ಪಟ್ಟಿ ಸೀಳ್ತತೆ ಮೇಷ್ಟ್ರೇ. ಅದು ಹೋಗಿ ಬಂದು ಮಾಡ್ಲಿ ಬಿಡ್ರಿ.”

ಮೂರು ಬೇಸಿಗೆ ಕಳೆದಿವೆ. ಪಟ್ಟಿಯ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿದೆ. ಮೊನ್ನೆ ಬಾಕಿ ಹಣಕ್ಕೆಂದು ಬಂದ ಮೇಸ್ತ್ರಿ ಹೊಸ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಈ ಗೋಡೆ ಇನ್ನು ನೂರು ವರ್ಷ ಬಾಯಿ ಬಿಡಲ್ಲ ಎಂದ. ಪಟ್ಟಿಯ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಗೋಡೆಗೊರಗಿ ಕೂತಿದ್ದ ಅವ್ವ ಅಭ್ಯಾಸದಂತೆ “ಕೃಷ್ಣ ಕೃಷ್ಣ” ಎನ್ನುತ್ತ ಬೆರಳ ತುದಿಯಿಂದ ನೆಲದ ಟೈಲ್ಸನ್ನು ಮೂರು ಸಲ ಕುಟ್ಟಿದಳು.

ಮೇಸ್ತ್ರಿ ಕಾಫಿ ಲೋಟ ಕೆಳಗಿಟ್ಟು, ಕತ್ತು ಓರೆ ಮಾಡಿದ.

“ಅವ್ವಾ, ಇನ್ನೊಂದ್ಸಲ ಕುಟ್ರಿ?”